ನಾಲ್ಕು ಚಕ್ರದ ಹಟ

ಕಳೆದ ತಿಂಗಳು ಅಮೆರಿಕದ ಅರಿಜೋನಾದಿಂದ ನಮ್ಮ ತಂಗಿಯ ಮಗ ಫೋನು ಮಾಡಿದ್ದ. ಇಬ್ಬರು ಮಗ್ಗುಲಮಗ್ಗುಲಲ್ಲಿ ಕೂತು ಮರಳಿನಲ್ಲೂ ಕಲ್ಲುಗುಡ್ಡದಲ್ಲೂ ಓಡಿಸುವಂಥ ಪುಟ್ಟ ಗಾಡಿಯೊಂದನ್ನು ಕೊಂಡಿದ್ದಾನಂತೆ. ಅಲ್ಲಿ ಅದನ್ನು ‘ಸೈಡ್ ಬೈ ಸೈಡ್’ ಎಂದೇ ಕರೆಯುತ್ತಾರೆ. ಮನೆಯಿಂದ ಮರಳುಗಾಡಿನವರೆಗೆ ಡಾಂಬರು ರಸ್ತೆಯಲ್ಲೇ ಓಡಿಸಿಕೊಂಡು ಹೋಗುತ್ತಾನೆ. ವರ್ಷ ತುಂಬುವ ಮೊದಲೇ ಟೈರಿನ ಹಲ್ಲುಗಳೆಲ್ಲ ಸವೆದಿವೆ, ತಿರುವಿನಲ್ಲಿ ಸ್ಟೇರಿಂಗು ಬಿಗಿಯುತ್ತದೆ. “ಟೈರ್ ಮಾರಿದಾವ ಮೋಸ ಮಾಡ್ಯಾನ, ಮಾಮಾ” ಎಂದ.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. “ಡಾಂಬರಿನ ಮ್ಯಾಲೂ ಫೋರ್‌ವೀಲ್ ಹಾಕೇ ಓಡಸ್ತೀಯೇನು?” ಎಂದು ಕೇಳಿದೆವು. ಹೌದಂತೆ. ಆ ಗಾಡಿಯ ಟೈರು ಮೊದಲೇ ಮೆತ್ತನೆಯ ರಬ್ಬರಿನದು, ಗಾಳಿಯೂ ಕಡಿಮೆ. ಮರಳಿಗೆ ಹಿತ, ಡಾಂಬರಿಗೆ ತುತ್ತು. ಅದರ ಮೇಲೆ ಇದು ಬೇರೆ. “ರಸ್ತೆಗೆ ಬಂದ ಕೂಡಲೆ ತೆಗೀಪಾ. ಆ ಟೈರಿನವರಿಗೆ ಮಾತ್ರ ಏನೂ ಅನಬ್ಯಾಡ” ಎಂದೆವು. ಅವನಿಗೆ ಆಶ್ಚರ್ಯವಾಗಿರಬೇಕು. ನಮ್ಮ ಸಂಘದ ಹಳೆಯ ಸದಸ್ಯರಿಗೆ ಆಗಲಾರದು.

1981ರಲ್ಲಿ ನಾವು ಅಣ್ಣತಮ್ಮಂದಿರು ಮೂವರೂ ದುಡ್ಡು ಕೂಡಿಸಿ, ಸೈನ್ಯದವರು ಹರಾಜಿಗಿಟ್ಟ ಒಂದು ಹಳೆಯ ಜೀಪನ್ನು ಪುಣೆಯಲ್ಲಿ ಕೊಂಡೆವು. ನಮ್ಮ ಊರು ನವಲಗುಂದ ತಾಲ್ಲೂಕಿನ ಎರಿ ಭೂಮಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ನಡೆದು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಮಣ್ಣಿನ ಬೂಟು ಹತ್ತಿರುತ್ತದೆ, ಚಕ್ಕಡಿ ಅಚ್ಚಿನವರೆಗೆ ಹೂತು ನಿಲ್ಲುತ್ತದೆ. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಮೂರು ಮೈಲಿ ಅಂಥ ದಾರಿ. ಮೊದಲ ಮಳೆಗಾಲದಲ್ಲಿ ಜೀಪನ್ನು ಅಲ್ಲಿ ಇಳಿಸಿ, ಗೇರಿನ ಪಕ್ಕದ ಚಿಕ್ಕ ಲಿವರನ್ನು ಎಳೆದು ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟಾಗ, ಗಾಡಿ ಎಮ್ಮೆಯಂತೆ ಕೆಸರು ಸೀಳಿಕೊಂಡು ಹೊರಟಿತು. ಹನುಮಪ್ಪನ ಗುಡಿ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡಿದರು. ಅಂದಿನಿಂದ ಆ ಲಿವರು ನಮಗೆ ದೇವರಾಯಿತು.

ಎರಡು ಚಕ್ರ ಎಳೆಯುವುದಕ್ಕಿಂತ ನಾಲ್ಕು ಚಕ್ರ ಎಳೆದರೆ ಭದ್ರವಲ್ಲವೆ? ಹೀಗೆ ಲೆಕ್ಕ ಹಾಕಿ ಕೆಸರು ಮುಗಿದ ಮೇಲೂ ನಾವು ಲಿವರನ್ನು ಹಾಗೆಯೇ ಬಿಡತೊಡಗಿದೆವು. ಧಾರವಾಡ, ಬೆಳಗಾವಿ, ಕೊಲ್ಲಾಪುರ, ಸಾತಾರೆ ದಾಟಿ ಪುಣೆಯವರೆಗೂ. ಖಂಬಾಟಕಿ ಘಾಟಿನ ಮಳೆಯಲ್ಲಂತೂ ಅದನ್ನು ತೆಗೆಯುವ ಮಾತೇ ಇರಲಿಲ್ಲ. ಸ್ಟೇರಿಂಗು ಭಾರವಾಗುತ್ತಿತ್ತು, ಸಣ್ಣ ತಿರುವಿನಲ್ಲಿ ಗಾಡಿ ಮೊಣಕಾಲೂರಿ ಕುಪ್ಪಳಿಸಿದಂತಾಗುತ್ತಿತ್ತು, ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು. ಹಳೆಯ ಗಾಡಿ, ಅದರ ಚಾಳಿ ಎಂದುಕೊಂಡೆವು.

1983ರ ಜೂನ್‌ನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಎಡಗಾಲು ಸೋತಿತು. ಮೇಲಿಂದ ಮೇಲೆ ಊರಿಗೆ ಹೋಗಬೇಕಾಯಿತು. ಹೊರಡುವ ಮೊದಲು ಪುಣೆಯಲ್ಲಿ ಟೈರು ರಿಟ್ರೆಡ್ ಮಾಡುವ ಒಬ್ಬ ಹಿರಿಯರ ಅಂಗಡಿಗೆ ಹೋದೆವು. ಮಂಗಳೂರಿನ ಕಡೆಯವರು, ಸಂಘದ ಸದಸ್ಯರು, ನಾಟಕದ ಟಿಕೇಟು ಮಾರುವುದಿದ್ದರೆ ಎಲ್ಲರಿಗಿಂತ ಮುಂದು. “ನಾಲ್ಕೂ ಒಟ್ಟಿಗೆ ಹಾಕಿ ಮಾರಾಯ್ರೆ, ಜೀಪಿಗೆ ಎದುರಿನದ್ದೂ ಹಿಂದಿನದ್ದೂ ಒಂದೇ ಅಳತೆ ಬೇಕು” ಎಂದರು. ವ್ಯಾಪಾರದ ಮಾತು ಎಂದು ನಾವು ಒಳಗೊಳಗೇ ನಕ್ಕು, ಹಿಂದಿನ ಎರಡನ್ನೇ ಹಾಕಿಸಿಕೊಂಡೆವು.

ಮೂರು ಸಲ ಊರಿಗೆ ಹೋಗಿಬರುವಷ್ಟರಲ್ಲಿ ಆ ಎರಡು ಟೈರುಗಳು ಬೋಳಾದವು. ಮುಂದಿನವುಗಳ ಮೇಲೆ ಅಂಗೈ ಆಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸ. ಸೆಪ್ಟೆಂಬರಿನಲ್ಲಿ ಅಂಗಡಿಗೆ ಹೋಗಿ ಹತ್ತು ಜನರೆದುರು ಕೂಗಾಡಿದೆವು. ಹಿರಿಯರು ಕುಳಿತು ಟೈರನ್ನು ಸವರಿ ನೋಡಿ, “ಫೋರ್‌ವೀಲ್ ಹಾಕಿಕೊಂಡು ಟಾರಿನ ಮೇಲೆ ಓಡಿಸಿದ್ದೀರಾ?” ಎಂದು ಮೆಲ್ಲಗೆ ಕೇಳಿದರು. “ಮತ್ತೇನ್ರೀ, ಪೂಜಾ ಮಾಡಾಕ ಇಟ್ಟಾರೇನು ಅದನ್ನ?” ಎಂದು ನಾವು ಎದ್ದು ಬಂದೆವು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂಘದ ಕಾರ್ಯಕಾರಿ ಸಭೆಯಲ್ಲಿ, ಚಹದ ಹೊತ್ತಿನಲ್ಲಿ, ಕನ್ನಡದವರಾಗಿ ಕನ್ನಡದವರಿಗೇ ಸತ್ತ ರಬ್ಬರು ಮಾರಿದರು ಎಂದು ಹೇಳಿದೆವು. ಬಾಯಿಂದ ಬಾಯಿಗೆ ಹೋಯಿತು. ಗೊತ್ತಿದ್ದ ಇಬ್ಬರು ಗಿರಾಕಿಗಳು ಅವರಲ್ಲಿಗೆ ಹೋಗುವುದನ್ನು ಬಿಟ್ಟರು. ಅವರೂ ಸಂಘಕ್ಕೆ ಬರುವುದನ್ನು ಬಿಟ್ಟರು.

ಅಕ್ಟೋಬರಿನಲ್ಲಿ ಅಪ್ಪನನ್ನು ಚಿಕಿತ್ಸೆಗಾಗಿ ಪುಣೆಗೆ ಕರೆತರಬೇಕಾಯಿತು. ಹಿಂಗಾರಿ ಮಳೆ ಹಿಡಿದಿತ್ತು. ಜೀಪಿನ ಹಿಂಭಾಗದಲ್ಲಿ ಗಾದಿ ಹಾಸಿ ಅಪ್ಪನನ್ನು ಮಲಗಿಸಿಕೊಂಡು ಬಂದೆವು. ಲಿವರು ಎಂದಿನಂತೆ ಮುಂದಿನ ಚಕ್ರಕ್ಕೂ ಸೇರಿತ್ತು. ಈಗ ನಿಜ ಹೇಳಬೇಕೆಂದರೆ, ಆ ಹಿರಿಯರ ಮೇಲಿನ ಹಟಕ್ಕೂ. ಕರಾಡ ಹತ್ತಿರ ಬಂದಾಗ ರಾತ್ರಿ ಹತ್ತಾಗಿತ್ತು. ಚಹಕ್ಕೆಂದು ರಸ್ತೆ ಬದಿಯ ಅಂಗಡಿಯತ್ತ ಗಾಡಿಯನ್ನು ಪೂರ್ತಿ ತಿರುಗಿಸಿದಾಗ ಅಡಿಯಲ್ಲಿ ಬಂದೂಕು ಹಾರಿದಂತೆ ಸದ್ದಾಯಿತು. ಆಮೇಲೆ ಕಬ್ಬಿಣ ಬಡಿದಂತೆ ಸದ್ದು. ಮುಂದಿನ ಪ್ರೊಪೆಲರ್ ಶಾಫ್ಟಿನ ಕ್ರಾಸು ಮುರಿದು, ಶಾಫ್ಟು ಜೋತಾಡುತ್ತಿತ್ತು. ಅಪ್ಪನನ್ನು ಎತ್ತಿ ಚಹದಂಗಡಿಯ ಹೊರಸಿನ ಮೇಲೆ ಕೂರಿಸಿದೆವು. ಮಳೆ ಜಿನುಗುತ್ತಿತ್ತು.

ಲಾರಿಗಳ ಕೆಲಸ ಮಾಡುವ ಮುದುಕ ಮೇಸ್ತ್ರಿಯೊಬ್ಬ ಕಂದೀಲು ಹಿಡಿದು ಬಂದ. ಗಾಡಿಯ ಕೆಳಗೆ ತೂರಿ ನೋಡಿ, ಲಿವರು ನೋಡಿ, ಟೈರು ನೋಡಿ, ಹೊರಗೆ ಬಂದು ಸ್ಪ್ಯಾನರಿನಿಂದ ಒದ್ದೆ ಮಣ್ಣಿನಲ್ಲಿ ಗೆರೆ ಎಳೆಯತೊಡಗಿದ. ಅವನ ಮರಾಠಿಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಬಳಸುತ್ತವೆ, ಹಿಂದಿನವು ಒಳಗಿನಿಂದ ಹಾಯುತ್ತವೆ. ನಮ್ಮ ಜೀಪಿನ ಎರಡು ಅಚ್ಚುಗಳ ನಡುವೆ 80 ಅಂಗುಲ. ಬೀದಿಯ ಮೂಲೆಯಲ್ಲಿ ಕಾಲು ಸುತ್ತು ತಿರುಗಿದರೆ ಮುಂದಿನವು ಹಿಂದಿನವುಗಳಿಗಿಂತ ಸುಮಾರು ಎರಡು ಅಡಿ ಹೆಚ್ಚು ಉರುಳಬೇಕು. ಒಂದೇ ಅಚ್ಚಿನ ಎಡಬಲ ಚಕ್ರಗಳ ವ್ಯತ್ಯಾಸವನ್ನು ಡಿಫರೆನ್ಸಿಯಲ್ ಸರಿದೂಗಿಸುತ್ತದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಈ ಜೀಪಿನಲ್ಲಿ ಅಂಥದೇನೂ ಇಲ್ಲ. ಲಿವರು ಎಳೆದರೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಕೆಸರಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಡಾಂಬರು ಜಾರಗೊಡುವುದಿಲ್ಲ. ಆಗ ಒಂದೋ ಟೈರು ಉಜ್ಜಿ ಸವೆಯಬೇಕು, ಇಲ್ಲವೆ ಶಾಫ್ಟು ತಿರುಚಿಕೊಳ್ಳುತ್ತ ಹೋಗಿ ಎಲ್ಲಿ ಸೋತಿದೆಯೋ ಅಲ್ಲಿ ಮುರಿಯಬೇಕು.

ಆಮೇಲೆ ನಮ್ಮ ಟೈರುಗಳನ್ನು ತೋರಿಸಿದ. ಮುಂದೆ ಹಳೆಯವು, ಹಿಂದೆ ಆಮೇಲೆ ಹಾಕಿದವು. ಸುತ್ತಳತೆ ಬೇರೆ ಬೇರೆ. ನೂರಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ ಒಂದು ಕಿಲೋಮೀಟರಿಗೆ ಹತ್ತು ಮೀಟರು ಜಗ್ಗಾಟ, ಅದೂ ನೆಟ್ಟಗಿನ ರಸ್ತೆಯಲ್ಲೇ. ಪುಣೆಯಿಂದ ಧಾರವಾಡಕ್ಕೆ ನಾನೂರು ಕಿಲೋಮೀಟರಿಗಿಂತ ಹೆಚ್ಚು. ಲೆಕ್ಕ ಮಾಡುವ ಧೈರ್ಯ ನಮಗಾಗಲಿಲ್ಲ.

ಮುರಿದ ಶಾಫ್ಟನ್ನು ಪೂರ್ತಿ ಬಿಚ್ಚಿ ಗಾಡಿಯಲ್ಲಿಟ್ಟು, ಲಿವರು ಹಿಂದಕ್ಕೆ ತಳ್ಳಿ, ಇನ್ನು ಹಿಂದಿನ ಎರಡು ಚಕ್ರದಲ್ಲೇ ಹೋಗಿ ಎಂದ. ಇನ್ನೊಮ್ಮೆ ಲಿವರು ಬಿಗಿದು ಬಾರದಿದ್ದರೆ ಜಗ್ಗಬೇಡಿ, ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ತೆಗೆಯಿರಿ, ತಿರುಚು ಬಿಚ್ಚಿ ತಾನೇ ಬರುತ್ತದೆ ಎಂದೂ ಹೇಳಿಕೊಟ್ಟ. ಅಪ್ಪ ಎಲ್ಲವನ್ನೂ ಕೇಳುತ್ತ ಕುಳಿತಿದ್ದ. ಅವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು.

“ಆ ಟೈರಿನ ಅಂಗಡಿಯವರಿಗೆ ಭಾಳ ಅಂದೇವಿ ಅಂತ ಊರಾಗ ನಕ್ಕೋತ ಹೇಳಿದ್ರೆಲ್ಲೊ. ಈಗ ಏನಂತೀರಿ?” ಎಂದ.

ಕೊಲ್ಲಾಪುರದಿಂದ ಕರಾಡದವರೆಗೆ ಎತ್ತಿನಂತೆ ಮುಗ್ಗರಿಸಿದ್ದ ಜೀಪು, ಕರಾಡದಿಂದ ಪುಣೆಗೆ ಹಗ್ಗ ಬಿಚ್ಚಿದ ಕರುವಿನಂತೆ ಹಗುರವಾಗಿ ಓಡಿತು. ನಾವು ಮಾತ್ರ ಯಾರೂ ಮಾತಾಡಲಿಲ್ಲ. ಅಪ್ಪ ಎರಡು ತಿಂಗಳಲ್ಲಿ ಕೋಲೂರಿ ನಡೆಯುವಂತಾದ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಮೂವರೂ ಅಂಗಡಿಗೆ ಹೋಗಿ ತಪ್ಪಾಯಿತೆಂದೆವು. ಹಿರಿಯರು ಟೈರಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದವರು ತಲೆ ಎತ್ತಲಿಲ್ಲ. “ಸಂಘದಲ್ಲಿ ಆಡಿದ ಮಾತನ್ನು ಅಂಗಡಿಯಲ್ಲಿ ವಾಪಸು ತೆಗೆದರೆ ಆಗ್ತದಾ ಮಾರಾಯ್ರೆ?” ಎಂದರು.

ಆ ವರ್ಷದ ರಾಜ್ಯೋತ್ಸವದಲ್ಲಿ, ವಂದನಾರ್ಪಣೆಗೆ ಮೊದಲು, ಅಧ್ಯಕ್ಷರ ಅಪ್ಪಣೆ ಕೇಳಿ ನಾವು ವೇದಿಕೆ ಹತ್ತಿದೆವು. ಲಿವರು, ಟೈರು, ಕರಾಡದ ರಾತ್ರಿ ಎಲ್ಲವನ್ನೂ ಹೇಳಿದೆವು. ಸಭೆಯಲ್ಲಿ ಕೆಲವರು ನಕ್ಕರು, ಅದು ನ್ಯಾಯವೇ. ಹಿರಿಯರು ಬಂದಿದ್ದಾರೋ ಇಲ್ಲವೋ ವೇದಿಕೆಯಿಂದ ಕಾಣಲಿಲ್ಲ. ಕಾರ್ಯಕ್ರಮ ಮುಗಿದು ಹೊರಗೆ ಬಂದರೆ, ಬೀದಿದೀಪದ ಕೆಳಗೆ ನಮ್ಮ ಜೀಪಿನ ಪಕ್ಕ ಧೋತರ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕುಳಿತು ಮುಂದಿನ ಟೈರು ಸವರುತ್ತಿದ್ದರು.

“ಸೋಮವಾರ ಗಾಡಿ ತನ್ನಿ. ನಾಲ್ಕೂ ಹಾಕುವುದಾದರೆ ಮಾತ್ರ. ಎರಡು ಸಾಕು ಅಂದರೆ ನಾನು ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ” ಎಂದರು.