ಗುಂಪಿನ ಬುದ್ಧಿ ತಿಳಿಯಲು ಒಂದಿಷ್ಟು ಪುಸ್ತಕಗಳು

ಸುದ್ದಿ ಬರೆಯುವುದನ್ನು ನಾವು ತರಗತಿಯಲ್ಲಿ ಕಲಿತೆವು. ಆದರೆ ಜನ ಒಂದು ಸುದ್ದಿಯನ್ನು ಯಾಕೆ ನಂಬುತ್ತಾರೆ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ವರದಿಗೆಂದು ಸುತ್ತುವ ನಮಗೆ ಈಗ ಇದೇ ದೊಡ್ಡ ಪ್ರಶ್ನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅಲ್ಲಿ ಸೇರಿದ್ದವರು ನಮ್ಮ ನಿಮ್ಮಂಥ ಹಳ್ಳಿಯ ಜನರೇ.

ಈ ಪ್ರಶ್ನೆ ಹಿಡಿದು ಓದುವವರಿಗೆ ನಮ್ಮ ಮೊದಲ ಸಲಹೆ ತೇಜಸ್ವಿಯವರ ‘ಕರ್ವಾಲೋ’ (1980). ಹಾರುವ ಓತಿಯ ಬೆನ್ನು ಹತ್ತಿದ ಈ ಕಾದಂಬರಿ ಜೀವವಿಕಾಸದ ಪಾಠವನ್ನು ಕಥೆಯಾಗಿಸುತ್ತದೆ. ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣು ಬೇಕಾಗುತ್ತದೆ ಎಂಬುದನ್ನು ಗಮನಿಸಿ. ಮಾನವನ ಪೂರ್ವಜರ ಹುಡುಕಾಟ ತಿಳಿಯಲು ಅವರದೇ ‘ಮಿಸ್ಸಿಂಗ್ ಲಿಂಕ್’ ಇದೆ.

ಮನಸ್ಸಿನ ಬಗ್ಗೆ ಡಾ. ಎಂ. ಶಿವರಾಂ ಅವರ ‘ಮನಮಂಥನ’. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ವೈದ್ಯರೇ ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಇದರ ಬೆಲೆ.

ಇಂಗ್ಲಿಷ್ ಓದುವವರಿಗೆ ಜೇಮ್ಸ್ ಸುರೋವಿಕಿಯ ‘ದಿ ವಿಸ್ಡಮ್ ಆಫ್ ಕ್ರೌಡ್ಸ್’ (2004). 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಜನ ಎತ್ತೊಂದರ ಮಾಂಸದ ತೂಕ ಅಂದಾಜಿಸಿ ಚೀಟಿ ಬರೆದರು. ಗಾಲ್ಟನ್ 787 ಚೀಟಿಗಳ ಸರಾಸರಿ ತೆಗೆದಾಗ ಅದು ಒಂದು ಪೌಂಡಿಗಿಂತ ಹೆಚ್ಚು ತಪ್ಪಿರಲಿಲ್ಲ. ನಮ್ಮ ಸಂತೆಯಲ್ಲಿ ಕಣ್ಣಳತೆಯಲ್ಲೇ ಕುರಿ ಕೊಳ್ಳುವವರಿಗೆ ಇದು ಅಚ್ಚರಿ ಅನಿಸಲಿಕ್ಕಿಲ್ಲ. ಆದರೆ ಒಂದು ಷರತ್ತಿದೆ: ಪ್ರತಿಯೊಬ್ಬರೂ ತಾವೇ ನೋಡಿ, ತಾವೇ ಯೋಚಿಸಿರಬೇಕು. ಪಕ್ಕದವನ ಚೀಟಿ ನೋಡಿ ಎಲ್ಲರೂ ಅದನ್ನೇ ಬರೆದರೆ ನೂರು ಚೀಟಿಯೂ ಒಂದೇ ಚೀಟಿ. ಫಾರ್ವರ್ಡ್ ಮೆಸೇಜಿನಲ್ಲಿ ಆಗುವುದು ಇದೇ.

ಕೊನೆಯದು ಜೋಸೆಫ್ ಹೆನ್ರಿಕ್‌ರ ‘ದಿ ಸೀಕ್ರೆಟ್ ಆಫ್ ಅವರ್ ಸಕ್ಸೆಸ್’ (2015). ಮನುಷ್ಯ ಗೆದ್ದದ್ದು ಒಬ್ಬೊಬ್ಬರ ಜಾಣತನದಿಂದಲ್ಲ, ತಲೆಮಾರುಗಳು ಒಬ್ಬರಿಂದೊಬ್ಬರು ಕಲಿತದ್ದರಿಂದ ಎನ್ನುತ್ತದೆ. ಕಿನ್ನಾಳದ ಚಿತ್ರಗಾರರ ಮನೆಗೆ ಹೋದರೆ ಈ ಮಾತು ಬೇಗ ಅರ್ಥವಾಗುತ್ತದೆ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣದ ಹದ, ಇವೆಲ್ಲ ಯಾರೋ ಒಬ್ಬರು ಕಂಡುಹಿಡಿದದ್ದಲ್ಲ. ಕಲಿಯುವ ಮಕ್ಕಳು ಕಡಿಮೆಯಾದರೆ ಆ ಬುದ್ಧಿಯೂ ಕರಗುತ್ತದೆ.

ಕನ್ನಡದ ಪುಸ್ತಕಗಳನ್ನು ನಿಮ್ಮೂರ ಗ್ರಂಥಾಲಯದಲ್ಲಿ ಕೇಳಿ. ಇಲ್ಲದಿದ್ದರೆ ತರಿಸಲು ಅರ್ಜಿ ಕೊಡಿ. ಮುಂದಿನ ಸಲ ಹಳ್ಳಿಯಲ್ಲಿ ವದಂತಿ ಎದ್ದಾಗ, ‘ಇದನ್ನು ಕಣ್ಣಾರೆ ಕಂಡವರು ಯಾರು?’ ಎಂದು ಕೇಳುವ ನಾಲ್ಕು ಜನ ಅಲ್ಲಿರಲಿ.