ಹೆಸರು ಬದಲಾದ ಹಡಗು

ದೆಹಲಿಗೆ ವರ್ಗವಾಗಿ ಬಂದಮೇಲೆ ಊರಿನ ಹೆಸರು ಕಂಡಲ್ಲೆಲ್ಲ ಕಣ್ಣು ನಿಲ್ಲುತ್ತದೆ. ಹಾಗೆ ಸಿಕ್ಕಿದ್ದು ಗಂಡಭೇರುಂಡ ಲಾಂಛನದ ಯುದ್ಧನೌಕೆ ‘ಮೈಸೂರು’. 1957ರಲ್ಲಿ ನಮ್ಮ ನೌಕಾಪಡೆ ಸೇರುವ ಮುನ್ನ ಅದು ಬ್ರಿಟಿಷರ ಕ್ರೂಸರ್ ‘ನೈಜೀರಿಯಾ’. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಆಹಾರ, ಇಂಧನ ಒಯ್ಯುವ ಹಡಗುಗಳಿಗೆ ಕಾವಲಾಗಿದ್ದಾಗ, ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಅದರ 50ಕ್ಕೂ ಹೆಚ್ಚು ನಾವಿಕರು ಮಡಿದರು. ಹಡಗು ಮುಳುಗಲಿಲ್ಲ, 1971ರ ಯುದ್ಧದಲ್ಲಿ ಅದೇ ನಮ್ಮ ಪಶ್ಚಿಮ ನೌಕಾಬಳಗದ ಧ್ವಜನೌಕೆ.

ಕಚೇರಿಯಲ್ಲಿ ವರ್ಗವಾದವನ ಹಿಂದೆಯೇ ಅವನ ಸೇವಾಪುಸ್ತಕವೂ ಬರುತ್ತದೆ. ಹಳೆಯ ಪುಟವನ್ನು ಯಾರೂ ಹರಿಯುವುದಿಲ್ಲ. ಹೊಸದನ್ನು ಖಾಲಿ ಬಿಡುವುದೂ ಇಲ್ಲ.

ಇಲ್ಲಿಯೇ ಹುಟ್ಟಿದ ಮಗಳು ‘ನಮ್ಮೂರು ಯಾವುದಪ್ಪ?’ ಎಂದಾಗಲೆಲ್ಲ ‘ಮೈಸೂರು’ ಎಂದು ಮಾತು ಮುಗಿಸುತ್ತಿದ್ದೆ. ಮೊನ್ನೆ ಮೊದಲ ಬಾರಿಗೆ ಎರಡೂ ಊರುಗಳ ಹೆಸರು ಹೇಳಿದೆ.