ನನ್ನ ಸರದಿ

ಕನ್ನಡ ಪಾಠ ಹೇಳುವ ಮೇಷ್ಟರೊಬ್ಬ ಪಾನಗೃಹಗಳ ಸುಖವನ್ನು ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಆದುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಕುಡಿಯುವವನಲ್ಲ. ಇದನ್ನೊಂದು ಹೆಗ್ಗಳಿಕೆಯೆಂದು ಹೇಳುತ್ತಿಲ್ಲ. ಬೆಳೆದ ರೀತಿ ಹಾಗೆ. ನಮ್ಮೂರಿನಲ್ಲಿ ಹೆಂಡದಂಗಡಿಯಿದ್ದ ಬೀದಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಶಾಲೆಗೆ ಹೋಗಬೇಕೆಂಬುದು ತಂದೆಯವರ ಕಟ್ಟಳೆಯಾಗಿತ್ತು. ಆ ಸುತ್ತುದಾರಿ ನನ್ನ ಕಾಲುಗಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮುಂದೆ ಆ ಅಂಗಡಿ ಹೋಗಿ ಅಲ್ಲಿ ಔಷಧಿಯ ಅಂಗಡಿ ಬಂದ ಮೇಲೂ ನಾನು ಬೀದಿ ಬದಲಾಯಿಸಲಿಲ್ಲ.

ಅಂಥವನು ಕಳೆದ ಬೇಸಗೆಯ ರಜೆಯಲ್ಲಿ ಇಂಗ್ಲೆಂಡಿಗೆ ಹೋಗಿ 15 ದಿನಗಳಲ್ಲಿ 9 ಪಬ್ಬುಗಳನ್ನು ಹೊಕ್ಕು ಬಂದೆ. ನಮ್ಮ ಬೆಂಗಳೂರಿನಲ್ಲಿಯೂ ಪಬ್ಬುಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ಸಂಗೀತದ ಅಬ್ಬರದಲ್ಲಿ ಪಕ್ಕದವನ ಮಾತು ಕೇಳಿಸುವುದಿಲ್ಲವೆಂದು ನನ್ನ ವಿದ್ಯಾರ್ಥಿಗಳೇ ಹೇಳುತ್ತಾರೆ. ನಾನು ಕಂಡ ಪಬ್ಬುಗಳಲ್ಲಿ ಮಾತೇ ಮುಖ್ಯ. 'ಪಬ್' ಎಂಬುದು 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ. ಸಾರ್ವಜನಿಕರ ಮನೆ ಎಂದರ್ಥ.

ಅಲ್ಲಿಗೆ ನನ್ನನ್ನು ಕರೆಸಿಕೊಂಡವರು ಇಬ್ಬರು ಹಳೆಯ ಸ್ನೇಹಿತರು. ಮೈಸೂರಿನಲ್ಲಿ ನಾನು ಎಂ.ಎ. ಓದುತ್ತಿದ್ದಾಗ ಮೂವರೂ ಒಂದೇ ವಠಾರದ ಒಂದೇ ಕೋಣೆಯಲ್ಲಿದ್ದೆವು. ಒಬ್ಬ ಗಣಿತದವನು, ಈಗ ಲಂಡನ್ನಿನ ಬ್ಯಾಂಕೊಂದರಲ್ಲಿದ್ದಾನೆ. ಇನ್ನೊಬ್ಬ ವೈದ್ಯ, ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ್ದಾನೆ. ಸಂಜೆಯಾದರೆ ಎದುರಿನ ಹೋಟೆಲಿಗೆ ಹೋಗಿ 'ಟೂ ಬೈ ತ್ರೀ' ಹೇಳುತ್ತಿದ್ದೆವು. ಎರಡು ಕಾಫಿಯನ್ನು ಮಾಣಿ ಮೂರು ಲೋಟಗಳಿಗೆ ಹಂಚಿ ತರುತ್ತಿದ್ದ. ಮೂರನೆಯ ಕಾಫಿಯ ಹಣ ಉಳಿಯಿತೆಂಬ ಸಂತೋಷದಲ್ಲಿ ಒಂದೂವರೆ ಗಂಟೆ ಮೇಜು ಬಿಟ್ಟೇಳುತ್ತಿರಲಿಲ್ಲ.

ಎರಡನೆಯ ವರ್ಷದ ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ನನ್ನ ಕೈಯಲ್ಲಿ ಹಣವಿರಲಿಲ್ಲ. ಊರಿನಲ್ಲಿ ತಂದೆಯವರು ಹಾಸಿಗೆ ಹಿಡಿದಿದ್ದರು. ವಾಯಿದೆ ಕೇಳೋಣವೆಂದು ಕಚೇರಿಯ ಕಿಟಕಿಯ ಮುಂದೆ ನಿಂತರೆ, ಗುಮಾಸ್ತರು ಪುಸ್ತಕ ತಿರುವಿ, "ನಿಮ್ಮದು ಬೆಳಿಗ್ಗೇನೇ ಕಟ್ಟಿ ಆಗಿದೆಯಲ್ಲಾ" ಎಂದರು. ಕಟ್ಟಿದವನು ಗಣಿತದವನು. ನನಗೆ ಕೆಲಸ ಸಿಕ್ಕ ಮೊದಲ ತಿಂಗಳೇ ಆ ಹಣವನ್ನು ಲಕೋಟೆಯಲ್ಲಿಟ್ಟು ಅವನಿಗೆ ಕೊಡಹೋದೆ. ಅವನು ನಕ್ಕು, ಲಕೋಟೆಯನ್ನು ನನ್ನ ಜೇಬಿಗೇ ತುರುಕಿ, "ಹೋಗೋ ಮಾರಾಯ" ಎಂದ. ಪ್ರೀತಿಯಿಂದಲೇ ಎಂದ. ಆದರೆ ಆಮೇಲೆ ಅವನಿಗೆ ನನ್ನ ಕಾಗದಗಳು ವಿರಳವಾದವು. ದೂರವಾಣಿಯ ಮಾತು ಯುಗಾದಿ ದೀಪಾವಳಿಗಳಿಗೆ ನಿಂತಿತು. ಕೇಳಿದವರಿಗೆ ಕೆಲಸದ ಒತ್ತಡವೆನ್ನುತ್ತಿದ್ದೆ. ನಿಜವಾದ ಕಾರಣ ಆ ಲಕೋಟೆ. ಈ ಸಲ ಪ್ರಯಾಣದ ಟಿಕೆಟ್ಟು ಕಳುಹಿಸುತ್ತೇನೆಂದು ಅವನು ಹಟ ಹಿಡಿದಾಗ ಬೇಡವೆಂದು, ಎರಡು ವರ್ಷದ ಉಳಿತಾಯವನ್ನು ಸುರಿದು ನಾನೇ ಕೊಂಡುಕೊಂಡೆ.

ಲಂಡನ್ನಿನಲ್ಲಿ ಅವನು ನನ್ನನ್ನು ಮೊದಲು ಕರೆದೊಯ್ದದ್ದು ಥೇಮ್ಸ್ ನದಿಯ ದಕ್ಷಿಣಕ್ಕಿರುವ ಸದರ್ಕ್‌ನ 'ಜಾರ್ಜ್ ಇನ್'ಗೆ. 1676ರ ಬೆಂಕಿಯಲ್ಲಿ ಸುಟ್ಟು, ಮರುವರ್ಷವೇ ಮತ್ತೆ ಎದ್ದ ಕಟ್ಟಡ ಅದು. ಕುದುರೆಗಾಡಿಗಳ ಕಾಲದ ಛತ್ರವೆನ್ನಿ. ಅಂಗಳದತ್ತ ಮುಖ ಮಾಡಿದ ಮರದ ಜಗುಲಿಗಳು ಮಾಳಿಗೆಯ ಮೇಲೆ ಸಾಲಾಗಿವೆ. ಹಿಂದೆ ಮೂರು ಕಡೆ ಇದ್ದುವಂತೆ. ಉಳಿದುವನ್ನು 19ನೆಯ ಶತಮಾನದ ಕೊನೆಗೆ ರೈಲ್ವೆಯವರು ಕೆಡವಿದರು. ಲಂಡನ್ನಿನಲ್ಲಿ ಈ ಬಗೆಯದು ಇದೊಂದೇ ಉಳಿದಿದೆ. 1937ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ಕಾಪಾಡಿಕೊಂಡು ಬಂದಿದೆ. ಪಕ್ಕದಲ್ಲಿಯೇ ಇದ್ದ 'ಟ್ಯಾಬರ್ಡ್' ಈಗಿಲ್ಲ. ಚಾಸರ್ ಕವಿಯ ಕ್ಯಾಂಟರ್‌ಬರಿ ಯಾತ್ರಿಕರು ಹೊರಟದ್ದು ಆ ಛತ್ರದಿಂದ. ದಾರಿಯುದ್ದಕ್ಕೂ ಕಥೆ ಹೇಳಿರಿ, ಎಲ್ಲರಿಗಿಂತ ಚೆನ್ನಾಗಿ ಹೇಳಿದವನಿಗೆ ಹಿಂದಿರುಗಿದ ಮೇಲೆ ಉಳಿದವರ ಖರ್ಚಿನಲ್ಲಿ ಊಟ ಎಂದು ಪಂದ್ಯ ಕಟ್ಟಿದವನು ಅಲ್ಲಿನ ಯಜಮಾನ. ತರಗತಿಯಲ್ಲಿ ನಮ್ಮ ಕಥಾಸಾಹಿತ್ಯದ ಮಾತು ಬಂದಾಗ ನಾನು ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ 'ಉಳಿದವರ ಖರ್ಚಿನಲ್ಲಿ' ಎಂಬ ಮಾತು ನನ್ನ ಮನಸ್ಸಿಗೆ ತಟ್ಟಿದ್ದು ಆ ಅಂಗಳದ ಬೆಂಚಿನ ಮೇಲೆ ಕುಳಿತಾಗಲೇ.

ಏಕೆಂದರೆ ಇಂಗ್ಲಿಷರ ಪಬ್ಬಿನಲ್ಲಿ ಸಾಮಾನ್ಯವಾಗಿ ಮಾಣಿ ಬಂದು ಕೇಳುವುದಿಲ್ಲ. ಕಟ್ಟೆಯವರೆಗೆ ನಾವೇ ಹೋಗಿ, ಹಣ ಕೊಟ್ಟು, ಲೋಟಗಳನ್ನು ಎತ್ತಿಕೊಂಡು ಬರಬೇಕು. ಮೂವರು ಕುಳಿತಿದ್ದರೆ ಒಬ್ಬನು ಮೂವರಿಗೂ ತರುತ್ತಾನೆ, ಲೋಟ ಬರಿದಾದಾಗ ಎರಡನೆಯವನು ಏಳುತ್ತಾನೆ, ಆಮೇಲೆ ಮೂರನೆಯವನು. ಇದಕ್ಕೆ 'ರೌಂಡ್' ಎನ್ನುತ್ತಾರೆ. ಯಾರೂ ಲೆಕ್ಕ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ತನ್ನ ಸರದಿ ಬಂದಾಗ ಕಿಟಕಿಯ ಕಡೆ ನೋಡುವವನನ್ನು ಮುಂದಿನ ವಾರ ಯಾರೂ ಕರೆಯುವುದಿಲ್ಲವಂತೆ.

ಇಷ್ಟನ್ನೆಲ್ಲ ವಿವರಿಸಿದ ಗಣಿತದವನೇ, ನಾನು ಏಳಹೋದರೆ ಹೆಗಲ ಮೇಲೆ ಕೈಯಿಟ್ಟು ಕೂರಿಸಿಬಿಟ್ಟ. "ನೀನು ಅತಿಥಿ, ಕೂತ್ಕೊಳ್ಳೋ ಮೇಷ್ಟ್ರೇ." ನನಗಾಗಿ ಅವನು ತಂದದ್ದು 'ಜಿಂಜರ್ ಬಿಯರ್'. ಹೆಸರು ಕೇಳಿ ಹೌಹಾರಿದೆ. ಕುಡಿದರೆ ಅಪ್ಪಟ ಶುಂಠಿಯ ಪಾನಕ, ಬುರುಗು ಮಾತ್ರ ಹೆಚ್ಚು.

ಮರುದಿನ ಫ್ಲೀಟ್ ಸ್ಟ್ರೀಟಿನ ಸಂದಿಯೊಂದರಲ್ಲಿರುವ 'ಚೆಷೈರ್ ಚೀಸ್'. ಇದು 1666ರ ಮಹಾ ಅಗ್ನಿಯ ಮರುವರ್ಷ ಕಟ್ಟಿದ್ದು. ಬಾಗಿಲ ಬಳಿಯ ಫಲಕದಲ್ಲಿ ಆ ಮನೆ ಕಂಡ ರಾಜರಾಣಿಯರ ಹೆಸರುಗಳನ್ನು ವಂಶಾವಳಿಯಂತೆ ಬರೆದಿದ್ದಾರೆ. ಒಳಗೆ ಹಗಲೇ ಕತ್ತಲೆ. ಕಪ್ಪಾದ ಮರದ ಗೋಡೆ, ತಲೆ ತಗ್ಗಿಸಿ ನುಸುಳಬೇಕಾದ ಬಾಗಿಲು, ಒಂದರೊಳಗೊಂದು ಕೋಣೆ, ಅದರ ಕೆಳಗೆ ನೆಲಮಾಳಿಗೆ. ನಮ್ಮ ಕಡೆಯ ಹಳೆಯ ತೊಟ್ಟಿಮನೆಯಲ್ಲಿ ಕಣ್ಣಾಮುಚ್ಚಾಲೆ ಆಡಿದವರಿಗೆ ಇಲ್ಲಿ ಗಾಬರಿಯಾಗುವುದಿಲ್ಲ. ಇಲ್ಲಿಂದ ಕೂಗಳತೆಯ ದೂರದ ಗಫ್ ಸ್ಕ್ವೇರಿನಲ್ಲಿ ಡಾಕ್ಟರ್ ಜಾನ್ಸನ್ ತನ್ನ ನಿಘಂಟನ್ನು ಬರೆದು 1755ರಲ್ಲಿ ಹೊರತಂದ. ನೂರಮೂವತ್ತೊಂಬತ್ತು ವರ್ಷಗಳ ತರುವಾಯ, 1894ರಲ್ಲಿ, ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾಯಿತು. ಒಬ್ಬ ತನ್ನ ತಾಯ್ನುಡಿಯ ಶಬ್ದಗಳನ್ನು ಕೂಡಿಹಾಕಿದ; ಇನ್ನೊಬ್ಬರು ಜರ್ಮನಿಯಿಂದ ಬಂದು ನಮ್ಮ ನುಡಿಯ ಶಬ್ದಗಳನ್ನು. ನನಗೆ ಎರಡನೆಯವರ ಮೇಲೆಯೇ ಹೆಚ್ಚಿನ ಗೌರವ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಪಕ್ಕದ ಮೇಜಿನ ಮುದುಕರೊಬ್ಬರು ತಿರುಗಿ, ಯಾವ ಭಾಷೆಯ ನಿಘಂಟು ಎಂದು ಕೇಳಿ, ಅರ್ಧ ಗಂಟೆ ನಮ್ಮೊಡನೆ ಹರಟಿದರು. ನಮ್ಮ ಹೆಸರನ್ನು ಅವರು ಕೇಳಲಿಲ್ಲ. ಅವರ ಹೆಸರನ್ನು ನಾವೂ ಕೇಳಲಿಲ್ಲ. ಆ ಪಬ್ಬಿನಲ್ಲೊಂದು ಗಿಳಿಯಿತ್ತಂತೆ. 1926ರಲ್ಲಿ ಅದು ಸತ್ತಾಗ ಪತ್ರಿಕೆಗಳು ನಿಧನವಾರ್ತೆ ಪ್ರಕಟಿಸಿದುವು. ಎಷ್ಟೋ ಮಂದಿ ಕವಿಗಳಿಗೆ ಆ ಭಾಗ್ಯವಿಲ್ಲ.

'ಬ್ಲ್ಯಾಕ್ ಫ್ರೈಯರ್' ಎಂಬುದನ್ನೂ ನೋಡಿದೆ. ಹಿಂದೆ ಸಂನ್ಯಾಸಿಗಳ ಮಠವಿದ್ದ ಜಾಗದಲ್ಲಿ ಎದ್ದಿರುವ, ಇಸ್ತ್ರಿಪೆಟ್ಟಿಗೆಯಂತೆ ಮೂತಿ ಚೂಪಾದ ಕಟ್ಟಡ. ಗೋಡೆಯ ತುಂಬ ಮೀನು ಹಿಡಿಯುವ, ಹಾಡುವ ಡೊಳ್ಳುಹೊಟ್ಟೆಯ ಸಂನ್ಯಾಸಿಗಳು. ಜಾಹೀರಾತು ಬೇಡ, ಬಾಯಿಬಡುಕನಿಗೆ ಹೇಳಿದರೆ ಸಾಕು ಎಂಬರ್ಥದ ಬುದ್ಧಿವಾದವೂ ಅಲ್ಲಿದೆ. 1960ರ ದಶಕದಲ್ಲಿ ಇದನ್ನು ಕೆಡವಲು ಹೊರಟಾಗ ಬೆಟ್ಜಮನ್ ಕವಿ ಮೊದಲಾದವರು ಹೋರಾಡಿ ಉಳಿಸಿದರಂತೆ. 'ಲ್ಯಾಂಬ್' ಎಂಬ ಇನ್ನೊಂದರಲ್ಲಿ ಕಟ್ಟೆಯ ಮೇಲೆ, ಮುಖದ ಎತ್ತರಕ್ಕೆ, ತಿರುಗುವ ಸಣ್ಣ ಗಾಜಿನ ಕಿಂಡಿಗಳಿವೆ. ವಿಕ್ಟೋರಿಯ ರಾಣಿಯ ಕಾಲದ ದೊಡ್ಡ ಮನುಷ್ಯರು ತಮ್ಮ ಮುಖ ಕಾಣದಂತೆ ಅವನ್ನು ಮುಚ್ಚಿಕೊಂಡು, ಕೆಳಗಿನಿಂದ ಕೈ ಚಾಚಿ ಲೋಟ ಪಡೆಯುತ್ತಿದ್ದರು. ಸಾರ್ವಜನಿಕರ ಮನೆಯಲ್ಲಿಯೂ ಮೇಲು ಕೀಳುಗಳಿಗೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಬೆಲೆ.

ಈ ಕೋಣೆಗಳ ಕಥೆಯ ಇನ್ನೊಂದು ಮುಖವನ್ನು ತೋರಿಸಿದವನು ಡಾಕ್ಟರ್. ಎರಡನೆಯ ಶನಿವಾರ ನಾವಿಬ್ಬರೂ ರೈಲಿನಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದೆವು. ಅವನು ಕಾರಿನಲ್ಲಿ ಪಕ್ಕದ ಸ್ಮೆಥಿಕ್‌ಗೆ ಕರೆದುಕೊಂಡು ಹೋದ. ಎರಡನೆಯ ಮಹಾಯುದ್ಧವಾದ ಮೇಲೆ ಇಲ್ಲಿನ ಎರಕದ ಕಾರ್ಖಾನೆಗಳಿಗೆ ಪಂಜಾಬಿನಿಂದ ಕೆಲಸಗಾರರು ಬಂದರು. ದಿನವಿಡೀ ಕುಲುಮೆಯ ಮುಂದೆ ಬೆಂದು ಸಂಜೆ ಪಬ್ಬಿಗೆ ಹೋದರೆ, ಮೈಬಣ್ಣ ನೋಡಿ ಒಳಗಿನ ಒಳ್ಳೆಯ ಕೋಣೆಗೆ ಬಿಡುತ್ತಿರಲಿಲ್ಲ. 1965ರ ಫೆಬ್ರವರಿ 12ರಂದು ಅಮೆರಿಕದ ನೀಗ್ರೋ ಜನರ ನಾಯಕ ಮಾಲ್ಕಮ್ ಎಕ್ಸ್ ಭಾರತೀಯ ಕಾರ್ಮಿಕರ ಸಂಘದವರ ಕರೆಯ ಮೇಲೆ ಇಲ್ಲಿಗೆ ಬಂದು, ಅವರೊಡನೆ 'ಬ್ಲೂ ಗೇಟ್ಸ್' ಎಂಬ ಪಬ್ಬಿಗೆ ಹೋದರು. ಅವರಿಗೂ ಆ ಕೋಣೆಯಲ್ಲಿ ಕೊಡಲಿಲ್ಲ. ಒಂಬತ್ತು ದಿನಗಳ ಮೇಲೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಭೇದವನ್ನು ನಿಷೇಧಿಸುವ ಕಾನೂನು ಮಾಡಿತು.

ಮಾಲ್ಕಮ್ ಎಕ್ಸ್ ಮುಸಲ್ಮಾನರು, ಮದ್ಯ ಮುಟ್ಟುವವರಲ್ಲ. ಕುಡಿಯದವನು ಪಬ್ಬಿನ ಬಾಗಿಲಿಗೆ ಹೋಗಿ ನಿಂತದ್ದೇಕೆಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮ ಹಳ್ಳಿಯ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೆಲವರಿಗಾಗಿ ಬೇರೆ ಲೋಟ ಇಟ್ಟಿದ್ದುದನ್ನು ನನ್ನ ತಂದೆಯವರು ನೋಡಿದ್ದರು. ಹೆಂಡದಂಗಡಿಯ ಬೀದಿಗೆ ಕಟ್ಟಳೆ ಮಾಡಿದವರು ಆ ಹೋಟೆಲಿನ ಬೀದಿಗೆ ಮಾಡಲಿಲ್ಲ.

ಇಂದು ಆ ಸೀಮೆಯ ಎಷ್ಟೋ ಪಬ್ಬುಗಳು ಪಂಜಾಬಿಗಳ ಕೈಯಲ್ಲಿಯೇ ಇವೆ. 'ದೇಸಿ ಪಬ್' ಎಂದೇ ಹೆಸರು. ನಾವು ಹೊಕ್ಕದ್ದು ಅಂಥದೊಂದನ್ನು. ಒಂದು ಕಡೆ ಬಾಣದಾಟ ಆಡುತ್ತಿದ್ದ ಬಿಳಿಯ ಮುದುಕರು, ಇನ್ನೊಂದು ಕಡೆ ಪೇಟ ಸುತ್ತಿದ ಸರದಾರರು, ನಡುವೆ ಕಬ್ಬಿಣದ ತಟ್ಟೆಯಲ್ಲಿ ಚುರುಗುಟ್ಟುತ್ತ ಬಂದ ಪನೀರು. ಮೊದಲ ರೌಂಡನ್ನು ಡಾಕ್ಟರ್ ತಂದ; ಕಾರು ನಡೆಸಬೇಕಾದ್ದರಿಂದ ಅವನೂ ನನ್ನ ಶುಂಠಿಯ ಪಂಕ್ತಿಗೆ ಸೇರಿದ. ಎರಡನೆಯದನ್ನು ಗಣಿತದವನು ತಂದ. ಮೂರನೆಯದಕ್ಕೂ ಅವನೇ ಜೇಬಿಗೆ ಕೈಹಾಕಿದಾಗ ಡಾಕ್ಟರ್ ಅವನ ಮಣಿಕಟ್ಟು ಹಿಡಿದುಕೊಂಡ.

"ಬಿಡೋ. ಅವನ ಸರದಿ."

"ಅವನು ಅಷ್ಟು ದೂರದಿಂದ ಬಂದಿದ್ದಾನೆ ಕಣೋ—"

"ಬಂದಿರೋದು ಕೂತ್ಕೊಂಡು ಕುಡಿಸ್ಕೊಳ್ಳೋಕಲ್ಲ. ಅವನ ಸರದಿ."

ನಾನು ಎದ್ದು ಹೋದೆ. ಕಟ್ಟೆಯ ಮುಂದೆ ಸಾಲಿರಲಿಲ್ಲ. ಆದರೂ ಯಾರ ಹಿಂದೆ ಯಾರು ಬಂದರೆಂಬುದು ಒಳಗಿದ್ದವನಿಗೆ ತಿಳಿದಿತ್ತು. ನನಗಿಂತ ಮೊದಲು ಬಂದಿದ್ದ ಹೆಂಗಸಿಗೆ ಕೊಟ್ಟು, ನನ್ನತ್ತ ಹುಬ್ಬೆತ್ತಿದ. ಹೇಳಿದೆ. 13 ಪೌಂಡು. ರೂಪಾಯಿಗೆ ಗುಣಿಸುವ ಚಟವನ್ನು ಆ ಕ್ಷಣಕ್ಕೆ ತಡೆದುಕೊಂಡೆ. ಮೂರು ಲೋಟಗಳನ್ನು ಎರಡು ಕೈಗಳಲ್ಲಿ ಹಿಡಿಯುವ ವಿದ್ಯೆ ನನಗೆ ಬರದು. ಮೇಜು ತಲಪುವಷ್ಟರಲ್ಲಿ ಗಣಿತದವನ ಬಿಯರಿನ ಕಾಲುಭಾಗ ನನ್ನ ತೋಳಿನ ಮೇಲಿತ್ತು.

ಅವನು ಲೋಟ ತೆಗೆದುಕೊಂಡ. ಬಹಳ ಹೊತ್ತು ಅದರೊಳಗೇ ನೋಡುತ್ತಿದ್ದ. ಆಮೇಲೆ, "ಅವತ್ತು ಆ ಕವರನ್ನ ನಾನು ತಗೋಬೇಕಾಗಿತ್ತು ಕಣೋ" ಎಂದ.

ನಾನೇನೂ ಹೇಳಲಿಲ್ಲ. ಡಾಕ್ಟರಿಗೆ ಲಕೋಟೆಯ ವಿಷಯ ತಿಳಿಯದು. ಯಾವ ಕವರು, ಯಾವತ್ತು ಎಂದು ಇಬ್ಬರನ್ನೂ ಕೇಳಿದ. ಪರೀಕ್ಷೆಯ ಶುಲ್ಕದ ಕಥೆಯನ್ನು ನಾನೇ ಮೊದಲಿನಿಂದ ಹೇಳತೊಡಗಿದೆ. ಗುಮಾಸ್ತರ ಮಾತಿನವರೆಗೆ ಬರುವಷ್ಟರಲ್ಲಿ ಮೂವರೂ ಪಕ್ಕದ ಮೇಜಿನವರು ತಿರುಗಿ ನೋಡುವಂತೆ ನಗುತ್ತಿದ್ದೆವು. ಕೊನೆಯ ಗಂಟೆ ಬಾರಿಸಿದಾಗ ಇನ್ನೊಂದು ಸುತ್ತಿಗೆ ಸಮಯವಿದ್ದಿತು. ಅದು ಡಾಕ್ಟರ್‌ನ ಸರದಿಯಾಗಿತ್ತು.

ಊರಿಗೆ ಬಂದ ಮೇಲೆ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಪಬ್ ಎಂಬ ಶಬ್ದವನ್ನೂ ಮುಚ್ಚಿಡಲಿಲ್ಲ. ಆಕೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಶುಂಠಿ ಪಾನಕ ತಾನೆ? ಆ ಥಂಡಿ ದೇಶಕ್ಕೆ ಒಳ್ಳೇದೇ. ಕೊಡಿಸಿದ್ದು ಯಾರಪ್ಪ, ಅವನೇನಾ?"

"ಒಂದು ಸಲ ನಾನೇ ಕೊಡಿಸಿದೆ ಅಮ್ಮ" ಎಂದೆ.